ಗೋಡೆಯೂ ನಮ್ಮದು, ವಿಷಯವೂ ನಮ್ಮದು: ಮುಹೇರೆಸ್ ಮುರಾಲಿಸ್ತಾಸ್ ತಂಡದ ಪ್ರಕರಣ

1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಿಷನ್ ಬಡಾವಣೆಯಲ್ಲಿ ಎರಡು ದೊಡ್ಡ ಗೋಡೆಚಿತ್ರಗಳು ಬಂದವು. ಎರಡನ್ನೂ ಬರೆದದ್ದು ಹೆಂಗಸರ ಒಂದು ತಂಡ. ಹೆಸರು ಮುಹೇರೆಸ್ ಮುರಾಲಿಸ್ತಾಸ್, ಅಂದರೆ ಗೋಡೆಚಿತ್ರ ಬರೆಯುವ ಹೆಂಗಸರು. ತಂಡದ ಮುಖ್ಯ ಕಲಾವಿದೆಯರು ನಾಲ್ವರು: ಪೆಟ್ರಿಸಿಯಾ ರೊಡ್ರಿಗೆಸ್, ಗ್ರಾಸಿಯೆಲಾ ಕರಿಯೋ, ಕೊನ್ಸುಯೆಲೊ ಮೆಂಡೆಸ್, ಐರೀನ್ ಪೆರೆಸ್.

ಹೆಣ್ಣುಮಕ್ಕಳು ಕಲೆಯ ಲೋಕಕ್ಕೆ ಬಂದ ಕಥೆಯನ್ನು ನಾವು ಸಾಮಾನ್ಯವಾಗಿ ಹೇಗೆ ಹೇಳುತ್ತೇವೆ? ಮೊದಲು ಅವರನ್ನು ಒಳಗೆ ಬಿಡಲಿಲ್ಲ, ಆಮೇಲೆ ಬಿಟ್ಟರು, ಅಲ್ಲಿಗೆ ಕಥೆ ಮುಗಿಯಿತು. ಈ ಪ್ರಕರಣದಲ್ಲಿ ಹಾಗಾಗಲಿಲ್ಲ. ಅವರು ಅಟ್ಟಣಿಗೆ ಹತ್ತಿದರು, ಚಿತ್ರ ಮುಗಿಸಿದರು, ಬೀದಿಯ ಜನ ನಿಂತು ನೋಡಿದರು. ಅಷ್ಟಾದ ಮೇಲೆ ಇನ್ನೊಂದು ಜಗಳ ಶುರುವಾಯಿತು. ಚಿತ್ರ ಚೆನ್ನಾಗಿದೆ, ಆದರೆ ಇದರಲ್ಲಿ ರಾಜಕೀಯ ಎಲ್ಲಿದೆ ಎಂದು ಕೆಲವರು ಕೇಳಿದರು. ನನಗೆ ಈ ಎರಡನೇ ಜಗಳವೇ ಜಾಸ್ತಿ ಮುಖ್ಯ ಅನಿಸುತ್ತದೆ. ಮೊದಲನೆಯದು ಗೋಡೆ ಯಾರ ಕೈಗೆ ಸಿಗಬೇಕು ಅನ್ನುವುದು. ಎರಡನೆಯದು ಯಾರ ಬದುಕಿನ ವಿಷಯ ದೊಡ್ಡದು ಅನ್ನುವುದು.

ಆ ಹೊತ್ತಿನ ಪರಿಸ್ಥಿತಿ

ಅಮೆರಿಕದಲ್ಲಿ ಹುಟ್ಟಿ ಬೆಳೆದ ಮೆಕ್ಸಿಕನ್ ಮೂಲದ ಜನ 60ರ ದಶಕದಲ್ಲಿ ತಮ್ಮನ್ನು ಚಿಕಾನೊ ಎಂದು ಹೆಮ್ಮೆಯಿಂದ ಕರೆದುಕೊಳ್ಳಲು ಶುರು ಮಾಡಿದರು. ಹೆಂಗಸರು ಚಿಕಾನಾ. 1848ರ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ಉತ್ತರದ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತ್ತು. ಈ ಜನರಲ್ಲಿ ಕೆಲವರ ಮನೆತನಗಳು ಅದಕ್ಕೂ ಮೊದಲಿನಿಂದ ಅಲ್ಲೇ ಇದ್ದವು. 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕೂಲಿಗಳ ಮುಷ್ಕರ ನಡೆಯಿತು. ಫಿಲಿಪಿನೋ ಕೂಲಿಗಳು ಅದನ್ನು ಶುರು ಮಾಡಿದರು. ಸೀಸರ್ ಚಾವೇಸ್ ಮತ್ತು ಡೊಲೊರೆಸ್ ವೆರ್ಟಾ ಕಟ್ಟಿದ್ದ ಸಂಘ ಅವರ ಜೊತೆ ಸೇರಿತು. ಪೋಸ್ಟರ್, ಬೀದಿ ನಾಟಕ, ಗೋಡೆಚಿತ್ರ ಎಲ್ಲವೂ ಈ ಚಳವಳಿಯ ಜೊತೆಗೇ ಬೆಳೆದವು.

ಚಳವಳಿಯ ಒಳಗೆ ಹೆಂಗಸರ ಜಾಗ ಯಾವುದು? ಇದಕ್ಕೆ ಒಂದು ದಾಖಲೆ ಇದೆ. 1969ರಲ್ಲಿ ಡೆನ್ವರ್‌ನಲ್ಲಿ ಚಿಕಾನೊ ಯುವಜನರ ದೊಡ್ಡ ಸಮಾವೇಶ ನಡೆಯಿತು. ಅಲ್ಲಿ ಹೆಂಗಸರೆಲ್ಲ ಒಂದು ಕಡೆ ಕೂತು ಚರ್ಚೆ ಮಾಡಿದರು. ಕೊನೆಗೆ ಸಭೆಯ ಮುಂದೆ ಬಂದ ವರದಿ ಹೇಳಿದ್ದು ಇಷ್ಟು: ಚಿಕಾನಾ ಹೆಣ್ಣಿಗೆ ವಿಮೋಚನೆ ಬೇಕಿಲ್ಲ. ಒಳಗೆ ನಡೆದ ಮಾತೇ ಬೇರೆ, ಹೊರಗೆ ಬಂದ ವರದಿಯೇ ಬೇರೆ ಎಂದು ಅನೇಕ ಹೆಂಗಸರಿಗೆ ಬೇಸರವಾಯಿತು. ಎರಡು ವರ್ಷದ ಮೇಲೆ, 1971ರಲ್ಲಿ, ಹೂಸ್ಟನ್‌ನಲ್ಲಿ ಚಿಕಾನಾ ಹೆಂಗಸರು ತಮ್ಮದೇ ರಾಷ್ಟ್ರೀಯ ಸಮಾವೇಶ ಮಾಡಿದರು.

ಹೆಣ್ಣಿನ ವಿಷಯ ಎತ್ತಿದವರಿಗೆ ಒಂದು ಬೈಗುಳ ಸಿದ್ಧವಾಗಿತ್ತು: ಮಲಿಂಚೆ. ಮೆಕ್ಸಿಕೋವನ್ನು ಗೆದ್ದ ಸ್ಪ್ಯಾನಿಷ್ ದಂಡನಾಯಕ ಕೊರ್ತೆಸ್‌ಗೆ ದುಭಾಷಿಯಾಗಿದ್ದ ಆದಿವಾಸಿ ಹೆಣ್ಣು ಅವಳು. ಅವಳ ಹೆಸರೇ ದ್ರೋಹಕ್ಕೆ ಇನ್ನೊಂದು ಹೆಸರಾಗಿಬಿಟ್ಟಿತ್ತು. ಚಳವಳಿಯಲ್ಲಿ ಗಂಡು ಹೆಣ್ಣಿನ ಪ್ರಶ್ನೆ ಎತ್ತಿದರೆ ಬಿಳಿಯರ ಹೆಂಗಸರ ಮಾತು ಕೇಳಿ ಮನೆ ಒಡೆಯುತ್ತಿದ್ದೀಯ ಅನ್ನಿಸಿಕೊಳ್ಳಬೇಕಿತ್ತು. ಎಷ್ಟೋ ಜನ ಸುಮ್ನೆ ಆಗಿರಬೇಕು.

ಗೋಡೆಚಿತ್ರದ ಲೋಕ ಇನ್ನೂ ಬಿಗಿ. ಮೆಕ್ಸಿಕೋದಲ್ಲಿ ಕ್ರಾಂತಿಯ ನಂತರ ಸರ್ಕಾರಿ ಕಟ್ಟಡಗಳ ಮೇಲೆ ಚಿತ್ರ ಬರೆದು ಹೆಸರಾದವರು ರಿವೇರಾ, ಒರೋಸ್ಕೊ, ಸಿಕೆರೋಸ್. ಮೂವರು ದೊಡ್ಡವರು ಎಂದೇ ಅವರನ್ನು ಕರೆಯುತ್ತಾರೆ. 1945ರಲ್ಲಿ ಮರಿಯಾ ಇಸ್ಕಿಯೆರ್ದೊ ಎಂಬ ಕಲಾವಿದೆಗೆ ಮೆಕ್ಸಿಕೋ ನಗರದ ಒಂದು ಮುಖ್ಯ ಸರ್ಕಾರಿ ಕಟ್ಟಡದಲ್ಲಿ ಗೋಡೆಚಿತ್ರ ಬರೆಯುವ ಕೆಲಸ ಸಿಕ್ಕಿತ್ತು. ಆಕೆಗೆ ಈ ಕೆಲಸದ ಅನುಭವ ಸಾಲದು ಎಂದು ರಿವೇರಾ ಮತ್ತು ಸಿಕೆರೋಸ್ ಅಡ್ಡ ಬಂದರು. ಕೆಲಸ ಕೈತಪ್ಪಿತು. ಬಡವರ ಪರ, ಕೂಲಿಗಳ ಪರ ಚಿತ್ರ ಬರೆದ ಇಬ್ಬರೂ ಇಲ್ಲಿ ಹೀಗೆ ನಡೆದುಕೊಂಡರು ಅನ್ನುವುದನ್ನು ನಾವು ಮರೆಯಬಾರದು. ಅನುಭವ ಇಲ್ಲ ಎಂದು ಗೋಡೆ ಕೊಡುವುದಿಲ್ಲ. ಗೋಡೆ ಸಿಗದೆ ಅನುಭವ ಎಲ್ಲಿಂದ ಬರಬೇಕು?

ಕ್ಯಾಲಿಫೋರ್ನಿಯಾದಲ್ಲೂ ಗಾಳಿ ಹೀಗೇ ಬೀಸುತ್ತಿತ್ತು. 1974ರಲ್ಲಿ ಲಾಸ್ ಏಂಜಲೀಸ್‌ನ ಕೌಂಟಿ ಕಲಾ ಸಂಗ್ರಹಾಲಯ ಮೊದಲ ಸಲ ಚಿಕಾನೊ ಕಲೆಯ ಪ್ರದರ್ಶನ ಇಟ್ಟಿತು. ಅದರ ಹೆಸರು ಲಾಸ್ ಫೋರ್. ನಾಲ್ವರೂ ಗಂಡಸರು. ಜುಡಿತ್ ಹೆರ್ನಾಂಡೆಸ್ ಐದನೆಯವರಾಗಿ ಆ ಗುಂಪಿಗೆ ಸೇರಿದ್ದು ಆಮೇಲೆ. ಆ ಪ್ರದರ್ಶನಕ್ಕೂ ಎರಡು ವರ್ಷ ಮೊದಲು ಆಸ್ಕೊ ಎಂಬ ಗುಂಪಿನ ಮೂವರು ಗಂಡಸರು ಅದೇ ಸಂಗ್ರಹಾಲಯದ ಹೊರಗೆ ತಮ್ಮ ಹೆಸರುಗಳನ್ನು ಸ್ಪ್ರೇ ಬಣ್ಣದಲ್ಲಿ ಬರೆದಿದ್ದರು. ಗುಂಪಿನ ನಾಲ್ಕನೇ ಕಲಾವಿದೆ ಪ್ಯಾಟ್ಸಿ ವಾಲ್ಡೆಸ್ ಆಮೇಲೆ ತೆಗೆದ ಫೋಟೋದಲ್ಲಿ ಆ ಹೆಸರುಗಳ ಮೇಲ್ಗಡೆ ನಿಂತಿದ್ದಾರೆ. ಅವರ ಹೆಸರು ಮಾತ್ರ ಗೋಡೆಯ ಮೇಲೆ ಇಲ್ಲ.

ಓಣಿಯಿಂದ ಮುಖ್ಯ ಬೀದಿಗೆ

ಪೆಟ್ರಿಸಿಯಾ ರೊಡ್ರಿಗೆಸ್ ಟೆಕ್ಸಾಸ್‌ನ ಮಾರ್ಫಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಅವರೂ ಗ್ರಾಸಿಯೆಲಾ ಕರಿಯೋ ಕೂಡ ಸ್ಯಾನ್ ಫ್ರಾನ್ಸಿಸ್ಕೋ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದರು. ಆ ಶಾಲೆ ಇದ್ದ ಕಟ್ಟಡದ ಒಂದು ಗೋಡೆಯ ತುಂಬ 1931ರಲ್ಲಿ ರಿವೇರಾ ಬರೆದ ಚಿತ್ರ ಇದೆ. ಅದರಲ್ಲಿ ರಿವೇರಾ ತಮ್ಮನ್ನೇ ಬರೆದುಕೊಂಡಿದ್ದಾರೆ. ಅಟ್ಟಣಿಗೆಯ ಮೇಲೆ ನೋಡುವವರಿಗೆ ಬೆನ್ನು ಹಾಕಿ ಕೂತ ದಪ್ಪ ಮನುಷ್ಯ. ಗೋಡೆಚಿತ್ರಕಾರ ಅಂದರೆ ಹೇಗಿರುತ್ತಾನೆ ಅನ್ನುವ ಕಲ್ಪನೆ ಆ ಶಾಲೆಯ ಗೋಡೆಯ ಮೇಲೇ ಇತ್ತು.

ಕೊನ್ಸುಯೆಲೊ ಮೆಂಡೆಸ್ ವೆನೆಜುವೆಲಾದ ಕರಾಕಾಸ್‌ನವರು. ಹಾಗಾಗಿ ತಂಡದ ಎಲ್ಲರೂ ಚಿಕಾನಾ ಅಲ್ಲ. ಈ ಬೆರಕೆ ಮುಂದೆ ಚಿತ್ರಕ್ಕೂ ಬಂತು. ಐರೀನ್ ಪೆರೆಸ್ ಪಕ್ಕದ ಓಕ್ಲೆಂಡ್‌ನವರು.

ಆಗ ಮಿಷನ್ ಬಡಾವಣೆಯಲ್ಲಿ ಗೋಡೆಚಿತ್ರ ಬರೆಯುವ ಗಂಡಸರ ಗುಂಪುಗಳು ಇದ್ದವು. 1970ರಲ್ಲಿ ಶುರುವಾದ ಗಲೆರಿಯಾ ದೆ ಲಾ ರಾಸಾ ಎಂಬ ಗ್ಯಾಲರಿ ಕಲಾವಿದರಿಗೆಲ್ಲ ಸೇರುವ ಜಾಗವಾಗಿತ್ತು. ಆದರೆ ದೊಡ್ಡ ಗೋಡೆಯ ಕೆಲಸಕ್ಕೆ ಹೆಂಗಸರನ್ನು ಯಾರೂ ಕರೆಯುತ್ತಿರಲಿಲ್ಲ. ಭಾರ ಎತ್ತಲು ಆಗುವುದಿಲ್ಲ, ಎತ್ತರಕ್ಕೆ ಹತ್ತಲು ಆಗುವುದಿಲ್ಲ, ಸಾರ್ವಜನಿಕ ಚಿತ್ರಕ್ಕೆ ಬೇಕಾದ ರಾಜಕೀಯ ತಿಳುವಳಿಕೆ ಇಲ್ಲ ಅನ್ನುವ ಮಾತು ಗಾಳಿಯಲ್ಲಿ ಇದ್ದೇ ಇತ್ತು.

ರೊಡ್ರಿಗೆಸ್ ಮತ್ತು ಕರಿಯೋ ಬಾಮಿ ಎಂಬ ಸಣ್ಣ ಓಣಿಯಲ್ಲಿ ಮನೆ ಮಾಡಿದ್ದರು. ಮನೆಗಳ ಹಿತ್ತಿಲ ಬೇಲಿ, ಗ್ಯಾರೇಜ್ ಬಾಗಿಲು ಇರುವ ಓಣಿ ಅದು. 70ರ ದಶಕದ ಆರಂಭದಲ್ಲಿ ಅವರು ಅಲ್ಲೇ ಬರೆಯಲು ಶುರು ಮಾಡಿದರು. ಯಾರ ಸಮಿತಿಯೂ ಇಲ್ಲ, ದೊಡ್ಡ ಅಟ್ಟಣಿಗೆಯೂ ಬೇಕಿಲ್ಲ. ಐರೀನ್ ಪೆರೆಸ್ ಅದೇ ಓಣಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೊಳಲು ಊದುವ ಎರಡು ಆಕೃತಿಗಳನ್ನು ಬರೆದರು. ಇಸ್ಕಿಯೆರ್ದೊಗೆ ಇಲ್ಲ ಎಂದು ಹೇಳಿದ ಅನುಭವವನ್ನು ಇವರು ಈ ಓಣಿಯಲ್ಲಿ ಯಾರನ್ನೂ ಕೇಳದೆ ಸಂಪಾದಿಸಿಕೊಂಡರು. ಈ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಹೆಜ್ಜೆ ಇದು.

ಲಾತಿನೊಅಮೆರಿಕ

ತಂಡದ ಮೊದಲ ದೊಡ್ಡ ಚಿತ್ರದ ಹೆಸರು ಲಾತಿನೊಅಮೆರಿಕ, ಅಂದರೆ ಲ್ಯಾಟಿನ್ ಅಮೆರಿಕ. 1974ರಲ್ಲಿ ಮಿಷನ್ ಮಾಡೆಲ್ ಸಿಟೀಸ್ ಎಂಬ ಸಂಸ್ಥೆಯಿಂದ ಆ ಕೆಲಸ ಬಂತು. ಬಡ ಬಡಾವಣೆಗಳ ಸುಧಾರಣೆಗೆ ಅಮೆರಿಕದ ಕೇಂದ್ರ ಸರ್ಕಾರ 60ರ ದಶಕದಲ್ಲಿ ತಂದ ಕಾರ್ಯಕ್ರಮದ ಸ್ಥಳೀಯ ಕಚೇರಿ ಅದು. ಗೋಡೆ ಇದ್ದದ್ದು ಮಿಷನ್ ಸ್ಟ್ರೀಟ್‌ನಲ್ಲಿ, 25ನೇ ಬೀದಿಯ ಹತ್ತಿರ. ಉದ್ದ 70 ಅಡಿಯ ಆಸುಪಾಸು. ಬಸ್ಸು, ಅಂಗಡಿ, ಜನ ಎಲ್ಲ ತುಂಬಿದ ಮುಖ್ಯ ಬೀದಿ.

ನಾಲ್ವರೂ ಸೇರಿ ವಿನ್ಯಾಸ ಮಾಡಿದರು. ನಾಯಕಿ ಅಂತ ಯಾರೂ ಇರಲಿಲ್ಲ. ಮೂವರು ದೊಡ್ಡವರ ಪರಂಪರೆಯಲ್ಲಿ ಒಬ್ಬ ಗುರು ಇರುತ್ತಾನೆ. ಗೆರೆ ಅವನದು, ಸಹಿ ಅವನದು. ಉಳಿದವರು ಬಣ್ಣ ಅರೆಯುತ್ತಾರೆ, ಗಾರೆ ಹಚ್ಚುತ್ತಾರೆ. ಇವರು ಆ ಕ್ರಮವನ್ನೇ ಬಿಟ್ಟರು. ಒಬ್ಬೊಬ್ಬರೂ ತಮಗೆ ಗೊತ್ತಿರುವ ನಾಡಿನ ಚಿತ್ರ ತಂದರು. ಎಲ್ಲವನ್ನೂ ಒಂದೇ ಗೋಡೆಗೆ ಹೊಂದಿಸಿದರು. ನಡುವೆ ಸೂರ್ಯನಂಥ ಆಕಾರದ ಒಳಗೆ ಒಂದು ಸಂಸಾರ. ಸುತ್ತ ಬೊಲಿವಿಯಾದ ದೆವ್ವದ ಕುಣಿತ, ಆಂಡಿಸ್ ಬೆಟ್ಟದ ಕೊಳಲು, ಲಾಮಾ, ಮೆಕ್ಕೆಜೋಳ, ಕತ್ತಾಳೆ ಜಾತಿಯ ಮಗೇಯ್ ಗಿಡ. ಜೊತೆಗೆ ಮಿಷನ್ ಬಡಾವಣೆಯ ಹುಡುಗ ಹುಡುಗಿಯರು. ಮಿಷನ್‌ನಲ್ಲಿ ಮೆಕ್ಸಿಕನ್ನರಷ್ಟೇ ಇರಲಿಲ್ಲ. ನಿಕರಾಗುವಾ, ಎಲ್ ಸಾಲ್ವಡಾರ್ ಕಡೆಯವರೂ ತುಂಬಾ ಇದ್ದರು. ಹಾಗಾಗಿ ಒಂದು ಖಂಡವನ್ನೇ ಬರೆದದ್ದು ಆ ಬೀದಿಗೆ ಸರಿಯಾಗಿ ಒಪ್ಪುತ್ತಿತ್ತು.

ಇಂಥ ಕೆಲಸ ಮೈಯನ್ನು ದಣಿಸುತ್ತದೆ. ಕಬ್ಬಿಣದ ಕೊಳವೆ ಜೋಡಿಸಿ ಅಟ್ಟಣಿಗೆ ಕಟ್ಟಬೇಕು. ಗೋಡೆ ತೊಳೆದು ಮೊದಲ ಬಣ್ಣ ಹೊಡೆಯಬೇಕು. ಸಣ್ಣ ಕಾಗದದ ಚಿತ್ರಕ್ಕೆ ಚೌಕ ಹಾಕಿ, ಅದೇ ಚೌಕಗಳನ್ನು ದೊಡ್ಡದು ಮಾಡಿ ಗೋಡೆಗೆ ಇಳಿಸಬೇಕು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತವರಿಗೆ ತಾವು ಬರೆಯುತ್ತಿರುವುದು ಕಣ್ಣೋ ಮೊಣಕಾಲೋ ಗೊತ್ತಾಗುವುದಿಲ್ಲ. ಕೆಳಗಿಳಿದು ಬೀದಿ ದಾಟಿ ನೋಡಿ ಮತ್ತೆ ಹತ್ತಬೇಕು. ಅಟ್ಟಣಿಗೆ ಕಟ್ಟುವುದನ್ನೂ ಈ ಹೆಂಗಸರೇ ಕಲಿತರು. ಇತಿಹಾಸದಲ್ಲಿ ಹೆಂಗಸರ ಕಲೆಗೆ ಸಿಕ್ಕ ಜಾಗ ಬಹಳ ಕಡಿಮೆ, ನಾವೂ ಈ ಮಟ್ಟದ ಕೆಲಸ ಮಾಡಬಲ್ಲೆವು, ಅಟ್ಟಣಿಗೆಯನ್ನು ನಾವೇ ಕಟ್ಟಿ ನಾವೇ ಹತ್ತುತ್ತೇವೆ ಎಂಬ ಅರ್ಥದ ಮಾತನ್ನು ತಮ್ಮ ಹೇಳಿಕೆಯಲ್ಲಿ ಬರೆದರು. ಹೇಳಿಕೆಯಲ್ಲಿ ಅಟ್ಟಣಿಗೆಯ ಮಾತು ಬಂದದ್ದು ಸುಮ್ನೆ ಅಲ್ಲ. ಆ ಬೀದಿಯಲ್ಲಿ ಅವರ ಮೇಲೆ ಇದ್ದ ಅನುಮಾನ ಅದೇ ಆಗಿತ್ತು.

ಆ ಹೊತ್ತಿನ ಕೆಲಸಗಳಲ್ಲಿ ಇನ್ನೂ ಹಲವು ಹೆಂಗಸರು ಕೈಜೋಡಿಸಿದರು. ಮಿರಿಯಂ ಒಲಿವೊ, ಎಸ್ತರ್ ಹೆರ್ನಾಂಡೆಸ್, ಸೂಸನ್ ಸರ್ವಾಂಟೆಸ್ ಅವರಲ್ಲಿ ಕೆಲವರು. ಹೆರ್ನಾಂಡೆಸ್ 1976ರಲ್ಲಿ ಅಮೆರಿಕದ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ಒಬ್ಬ ಹೆಣ್ಣುಮಗಳು ಉಳಿ ಹಿಡಿದು ಮಾಯಾ ಶಿಲ್ಪವಾಗಿ ಕೆತ್ತುತ್ತಿರುವ ಚಿತ್ರ ಮಾಡಿದರು.

ರಾಜಕೀಯ ಎಲ್ಲಿದೆ?

ಈಗ ಆ ಎರಡನೇ ಜಗಳಕ್ಕೆ ಬರೋಣ.

ಅದೇ 1974ರಲ್ಲಿ, ಅದೇ ಮಿಷನ್ ಸ್ಟ್ರೀಟ್‌ನಲ್ಲಿ, ಬ್ಯಾಂಕ್ ಆಫ್ ಅಮೆರಿಕಾದ ಶಾಖೆಯ ಒಳಗೆ ಇನ್ನೊಂದು ದೊಡ್ಡ ಚಿತ್ರ ಮುಗಿಯಿತು. ಬರೆದವರು ಹೆಸೂಸ್ ಕಂಪುಸಾನೊ, ಮೈಕೆಲ್ ರಿಯೋಸ್, ಲೂಯಿಸ್ ಕೊರ್ತಾಸರ್. ಅದು ಸಿಕೆರೋಸ್‌ಗೆ ಗೌರವ ಸಲ್ಲಿಸುವ ಚಿತ್ರ. ಅವರಿಗೆ ಸಲಹೆ ಕೊಟ್ಟ ಎಮ್ಮಿ ಲೂ ಪ್ಯಾಕಾರ್ಡ್ ಹಿಂದೆ ರಿವೇರಾ ಜೊತೆ ಕೆಲಸ ಮಾಡಿದ್ದ ಕಲಾವಿದೆ. ಒಳ್ಳೆಯ ಕೆಲಸವೇ ಅದು. ಒಬ್ಬ ಗುರುವಿನ ಹಾದಿಯಲ್ಲಿ ನಡೆದ ಚಿತ್ರ ಎಂದು ನೋಡಿದ ಕೂಡಲೇ ಜನರಿಗೆ ತಿಳಿಯುತ್ತಿತ್ತು.

ಹೆಂಗಸರ ಚಿತ್ರದಲ್ಲಿ ಅಂಥ ಗುರುತು ಇರಲಿಲ್ಲ. ಎತ್ತಿದ ಮುಷ್ಟಿ ಇಲ್ಲ, ಬಂದೂಕು ಇಲ್ಲ, ಹರಿಯುವ ರಕ್ತ ಇಲ್ಲ, ಕ್ರಾಂತಿಯ ವೀರ ಇಲ್ಲ. ಬಣ್ಣ ಜಾಸ್ತಿ, ಗಿಡಮರ ಜಾಸ್ತಿ, ಹೆಂಗಸರು ಮಕ್ಕಳು ಜಾಸ್ತಿ. ಇದು ಅಲಂಕಾರ ಅಷ್ಟೇ ಎಂದು ಚಳವಳಿಯ ಗಂಡಸರು ಅಂದರು. ಹಳ್ಳಿಯ ಬದುಕನ್ನು ಚೆಂದ ಮಾಡಿ ತೋರಿಸುತ್ತಿದ್ದಾರೆ, ಶೋಷಣೆ ಕಾಣುತ್ತಿಲ್ಲ ಎಂಬ ಟೀಕೆಯೂ ಬಂತು.

ರೊಡ್ರಿಗೆಸ್ ಆಮೇಲೆ ಹಲವು ಸಲ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ರಕ್ತ, ಯುದ್ಧ ಬರೆಯಬಾರದು ಎಂದು ತಾವು ಬೇಕೆಂತಲೇ ತೀರ್ಮಾನ ಮಾಡಿದ್ದೆವು ಅನ್ನುವುದು ಅವರ ಮಾತಿನ ಸಾರ. ಮಿಷನ್‌ನ ಜನ ದಿನವೂ ಆ ಗೋಡೆಯ ಮುಂದೆ ಓಡಾಡುತ್ತಾರೆ. ಅವರಿಗೆ ತಮ್ಮ ಸಂಸ್ಕೃತಿ ಚೆಂದವಾಗಿ, ದೊಡ್ಡದಾಗಿ ಕಾಣಬೇಕಿತ್ತು.

ಟೀಕೆಯಲ್ಲಿ ಸ್ವಲ್ಪ ಹುರುಳಿದೆ ಎಂದು ನಾನು ಒಪ್ಪುತ್ತೇನೆ. ಬೊಲಿವಿಯಾದ ಕುಣಿತವನ್ನು ಬರೆದು ಅಲ್ಲಿನ ಗಣಿ ಕೂಲಿಯನ್ನು ಬಿಟ್ಟರೆ ಏನೋ ಒಂದು ತಪ್ಪಿಹೋಗುತ್ತದೆ. ಆದರೆ ಆ ಟೀಕೆ ಯಾವ ಅಳತೆಗೋಲಿನಿಂದ ಬಂತು ನೋಡಿ. ಮುಷ್ಕರ ರಾಜಕೀಯ, ಮುಷ್ಕರದವರಿಗೆ ರೊಟ್ಟಿ ಬೇಯಿಸುವುದು ಮನೆಗೆಲಸ. ಬಂದೂಕು ಹಿಡಿದವನು ಇತಿಹಾಸ, ಸಂತೆಯಲ್ಲಿ ಕೂತು ಮಾರಿ ಮಕ್ಕಳನ್ನು ಸಾಕಿದವಳು ಹಿನ್ನೆಲೆಯ ಅಲಂಕಾರ. ಈ ಅಳತೆಯಲ್ಲಿ ಹೆಣ್ಣಿನ ಬದುಕು ಯಾವತ್ತಿಗೂ ಚಿತ್ರದ ನಡುವೆ ಬರಲಾರದು. ಅಟ್ಟಣಿಗೆ ಏರಲು ಬಿಟ್ಟರೂ ಗಂಡಸರ ಚಿತ್ರವನ್ನೇ ಬರೆದು ಇಳಿದು ಬರಬೇಕಾಗುತ್ತದೆ. ಇವರು ಅದಕ್ಕೆ ಒಪ್ಪಲಿಲ್ಲ.

ಅದೇ ವರ್ಷದ ಎರಡನೇ ಚಿತ್ರ ಈ ಮಾತನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಹೆಸರು ಪಾರಾ ಎಲ್ ಮೆರ್ಕಾದೊ, ಅಂದರೆ ಸಂತೆಗಾಗಿ. 24ನೇ ಬೀದಿ ಮತ್ತು ಸೌತ್ ವ್ಯಾನ್ ನೆಸ್ ಸೇರುವಲ್ಲಿ ಪಾಕೋಸ್ ಟಾಕೋಸ್ ಎಂಬ ಸಣ್ಣ ಊಟದ ಅಂಗಡಿ ಇತ್ತು. ಹತ್ತಿರದಲ್ಲೇ ಮೆಕ್‌ಡೊನಾಲ್ಡ್ಸ್ ಬರುತ್ತಿತ್ತು. ಗಿರಾಕಿಗಳು ಅತ್ತ ಹೋದರೆ ಗತಿ ಏನು ಎಂದು ಅಂಗಡಿಯ ಮಾಲೀಕರು ಈ ತಂಡದಿಂದ ಚಿತ್ರ ಬರೆಸಿದರು. ಇದೂ 70 ಅಡಿ ಮೀರಿದ ಚಿತ್ರ. ಊಟ ಬೆಳೆಯುವುದು, ಹಿಡಿಯುವುದು, ಬೇಯಿಸುವುದು, ಮಾರುವುದು ಎಲ್ಲ ಅದರಲ್ಲಿ ಇತ್ತು.

ಮುಷ್ಟಿ ಇಲ್ಲ, ಘೋಷಣೆ ಇಲ್ಲ. ಆದರೆ ಒಂದು ದೊಡ್ಡ ಕಂಪನಿ ಬಡಾವಣೆಗೆ ಕಾಲಿಡುವಾಗ ಸ್ಥಳೀಯ ಅಂಗಡಿಯ ಗೋಡೆಯ ಮೇಲೆ ತಮ್ಮ ಊಟ, ತಮ್ಮ ಸಂತೆ, ತಮ್ಮ ಹೆಂಗಸರ ದುಡಿಮೆಯನ್ನು ಅಷ್ಟು ದೊಡ್ಡದಾಗಿ ಬರೆಯುವುದು ರಾಜಕೀಯ ಅಲ್ಲದೆ ಇನ್ನೇನು? ಇದನ್ನು ಅಲಂಕಾರ ಎಂದವರು ಚಿತ್ರವನ್ನಷ್ಟೇ ನೋಡಿದರು, ಎದುರಿನ ಬೀದಿಯನ್ನು ನೋಡಲಿಲ್ಲ ಅನಿಸುತ್ತದೆ.

ಮುಗಿದದ್ದು ಮತ್ತು ಉಳಿದದ್ದು

1975ರಲ್ಲಿ 24ನೇ ಬೀದಿಯ ಮಕ್ಕಳ ಪಾರ್ಕಿನಲ್ಲಿ ಇನ್ನೊಂದು ಚಿತ್ರ ಬಂತು. 1976ರ ಹೊತ್ತಿಗೆ ತಂಡ ಚದುರಿತು. ಮೆಂಡೆಸ್ ವೆನೆಜುವೆಲಾಕ್ಕೆ ಮರಳಿದರು. ರೊಡ್ರಿಗೆಸ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಿಕಾನೊ ಕಲೆಯ ಪಾಠ ಮಾಡಿದರು. ಲಾತಿನೊಅಮೆರಿಕ ಚಿತ್ರ ಇವತ್ತು ಇಲ್ಲ. ಪಾರಾ ಎಲ್ ಮೆರ್ಕಾದೊ ಕೂಡ ಇಲ್ಲ. ನಮಗೆ ಉಳಿದಿರುವುದು ಫೋಟೋಗಳು.

ನಾಯಕಿ ಇಲ್ಲದ ತಂಡದ ಬಲ ದೊಡ್ಡದು. ಒಬ್ಬಳನ್ನು ಮಲಿಂಚೆ ಎಂದು ಬೈದು ಕೂರಿಸಬಹುದು, ಇಷ್ಟು ಜನರನ್ನು ಕೂರಿಸುವುದು ಕಷ್ಟ. ಆದರೆ ಅದರಲ್ಲಿ ಒಂದು ಕೊರತೆಯೂ ಇತ್ತು. ತಂಡ ಚದುರಿದ ಮೇಲೆ ಹಣ ತರಲು, ಗೋಡೆ ಕಾಯಲು, ದಾಖಲೆ ಇಡಲು ಒಂದು ಕಚೇರಿ ಅಂತ ಇರಲಿಲ್ಲ. ಲಾಸ್ ಏಂಜಲೀಸ್‌ನ ಜೂಡಿ ಬಾಕಾ ಬೇರೆ ದಾರಿ ಹಿಡಿದರು. 1970ರಲ್ಲಿ ಒಂದಕ್ಕೊಂದು ಹಗೆ ಸಾಧಿಸುತ್ತಿದ್ದ ಗ್ಯಾಂಗುಗಳ ಹುಡುಗರನ್ನು ಸೇರಿಸಿ ಪಾರ್ಕೊಂದರಲ್ಲಿ ತಮ್ಮ ಅಜ್ಜಿಯ ಚಿತ್ರ ಬರೆಸಿದರು. 1976ರಲ್ಲಿ ಇಬ್ಬರು ಗೆಳತಿಯರ ಜೊತೆ ಸ್ಪಾರ್ಕ್ ಎಂಬ ಸಂಸ್ಥೆ ಕಟ್ಟಿದರು. ಅದೇ ವರ್ಷ ನೆರೆ ನೀರಿನ ಕಾಂಕ್ರೀಟ್ ಕಾಲುವೆಯೊಂದರ ಗೋಡೆಯ ಮೇಲೆ ಕ್ಯಾಲಿಫೋರ್ನಿಯಾದ ಚರಿತ್ರೆ ಬರೆಯಲು ಹೊರಟರು. ಬೇಸಿಗೆ ರಜೆಗಳಲ್ಲಿ ಯುವಕ ಯುವತಿಯರು ಬಂದು ಕೆಲಸ ಮಾಡಿದರು. 1983ರ ಹೊತ್ತಿಗೆ ಅದು 2,754 ಅಡಿ ಉದ್ದವಾಗಿತ್ತು. ಆ ಗೋಡೆ ಇದೆ, ದುರಸ್ತಿಯೂ ಆಗಿದೆ, ಅದನ್ನು ಮುಂದುವರಿಸಲು 2021ರಲ್ಲಿ ಮೆಲನ್ ಫೌಂಡೇಶನ್ 50 ಲಕ್ಷ ಡಾಲರ್ ಕೊಟ್ಟಿತು. ಸಂಸ್ಥೆ ಇದ್ದರೆ ಆಗುವ ವ್ಯತ್ಯಾಸ ಇಷ್ಟು.

ಹಾಗಂತ ಮಿಷನ್‌ನ ಕೆಲಸ ಅಲ್ಲೇ ನಿಂತಿತು ಎಂದಲ್ಲ. ಸೂಸನ್ ಸರ್ವಾಂಟೆಸ್ 1977ರಲ್ಲಿ ಪತಿ ಲೂಯಿಸ್ ಜೊತೆ ಪ್ರೆಸಿಟಾ ಐಸ್ ಎಂಬ ಗೋಡೆಚಿತ್ರದ ಸಂಸ್ಥೆ ಶುರು ಮಾಡಿದರು. ಅದು ಇವತ್ತಿಗೂ ಇದೆ. 1978ರಲ್ಲಿ ಗಲೆರಿಯಾ ದೆ ಲಾ ರಾಸಾ ಮೆಕ್ಸಿಕೋದ ಕಲಾವಿದೆ ಫ್ರೀಡಾ ಕಾಲೋ ಹೆಸರಿನಲ್ಲಿ ದೊಡ್ಡ ಪ್ರದರ್ಶನ ನಡೆಸಿತು. ಅಮೆರಿಕದಲ್ಲಿ ಬಹಳ ಜನರಿಗೆ ಆಕೆ ಆಗಿನ್ನೂ ರಿವೇರಾ ಹೆಂಡತಿ ಅಷ್ಟೇ. 1994ರಲ್ಲಿ 18ನೇ ಬೀದಿಯ ವಿಮೆನ್ಸ್ ಬಿಲ್ಡಿಂಗ್ ಎಂಬ ನಾಲ್ಕು ಅಂತಸ್ತಿನ ಕಟ್ಟಡಕ್ಕೆ ಏಳು ಕಲಾವಿದೆಯರು ಸೇರಿ ಮೈತುಂಬ ಚಿತ್ರ ಬರೆದರು. ಏಳರಲ್ಲಿ ಇಬ್ಬರು ಐರೀನ್ ಪೆರೆಸ್ ಮತ್ತು ಸೂಸನ್ ಸರ್ವಾಂಟೆಸ್. ಇಪ್ಪತ್ತು ವರ್ಷದ ಮೇಲೆ ಮತ್ತೆ ಹೆಂಗಸರ ತಂಡ, ಮತ್ತೆ ಅಟ್ಟಣಿಗೆ. ಉಳಿದವರು ಹುವಾನಾ ಅಲಿಸಿಯಾ, ಮಿರಾಂಡಾ ಬರ್ಗ್‌ಮನ್, ಎಡಿತ್ ಬೂನ್, ಮೀರಾ ದೇಸಾಯಿ, ಇವೊನ್ ಲಿಟಲ್‌ಟನ್.

ಈ ಹುವಾನಾ ಅಲಿಸಿಯಾ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಸಲಿನಾಸ್ ಕಣಿವೆಯ ಲೆಟ್ಯೂಸ್ ಹೊಲಗಳಲ್ಲಿ ಬಸುರಿಯಾಗಿದ್ದಾಗಲೂ ಕೂಲಿ ಮಾಡಿದವರು. 1983ರಲ್ಲಿ 24ನೇ ಬೀದಿ ಮತ್ತು ಯಾರ್ಕ್ ಸ್ಟ್ರೀಟ್ ಮೂಲೆಯಲ್ಲಿ ಹೊಲದಲ್ಲಿ ದುಡಿಯುವ ಹೆಂಗಸರನ್ನು, ಅವರಲ್ಲೊಬ್ಬ ಬಸುರಿಯನ್ನು ಬರೆದರು. ಕೂಲಿ, ಕೀಟನಾಶಕ, ಹೊಟ್ಟೆಯೊಳಗಿನ ಮಗು ಎಲ್ಲ ಒಂದೇ ಚಿತ್ರದಲ್ಲಿ. 1974ರ ಟೀಕಾಕಾರರು ಒಂದು ಕಡೆ ಹೆಣ್ಣಿನ ಬದುಕು, ಇನ್ನೊಂದು ಕಡೆ ರಾಜಕೀಯ ಎಂದು ಬೇರೆ ಮಾಡಿಟ್ಟಿದ್ದರಲ್ಲ, ಇಲ್ಲಿ ಅವನ್ನು ಬೇರೆ ಮಾಡಲು ಸಾಧ್ಯವೇ ಇಲ್ಲ.

ಆ ಗೋಡೆಯ ಚಿತ್ರ ಹಾಳಾದ ಮೇಲೆ ಅದೇ ಜಾಗದಲ್ಲಿ 2004ರಲ್ಲಿ ಅವರು ಹೊಸದೊಂದನ್ನು ಬರೆದರು. ತುಂಬ ನೀಲಿ. ಮಕ್ಕಳನ್ನು ನೀರಿಗೆ ದೂಡಿ ಅಳುತ್ತಾ ಅಲೆಯುವ ಯೊರೋನಾ ಎಂಬ ಮೆಕ್ಸಿಕನ್ ಜನಪದ ಕಥೆಯ ಹೆಣ್ಣು ಇಲ್ಲಿ ನೀರಿನ ಹಕ್ಕಿನ ಹೋರಾಟದ ನಡುವೆ ಬರುತ್ತಾಳೆ. ಒಂದು ಕಡೆ ಬೊಲಿವಿಯಾದ ಕೊಚಬಂಬಾದ ಜನ, ಒಂದು ಕಡೆ ಕೊಲೆಯಾದ ಹೆಣ್ಣುಮಕ್ಕಳಿಗಾಗಿ ಕಪ್ಪು ಬಟ್ಟೆ ತೊಟ್ಟು ನಿಂತ ಮೆಕ್ಸಿಕೋದ ಹುವಾರೆಸ್ ನಗರದ ಹೆಂಗಸರು. ಇನ್ನೊಂದು ಕಡೆ ಅಣೆಕಟ್ಟಿನ ವಿರುದ್ಧ ನೀರಿನಲ್ಲಿ ನಿಂತ ನಮ್ಮ ನರ್ಮದಾ ಕಣಿವೆಯ ಜನ.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಇರುವ ಕನ್ನಡಿಗರು, ಅಥವಾ ಮಕ್ಕಳ ಮನೆಗೆಂದು ಆ ಕಡೆ ಹೋಗುವವರು ಒಂದು ದಿನ ಬಿಡುವು ಮಾಡಿಕೊಳ್ಳಿ. ಮಧ್ಯಾಹ್ನದ ಒಳಗೆ ಹೋದರೆ ಒಳ್ಳೆಯದು. ಮೊದಲು ಬಾಮಿ ಓಣಿ ನೋಡಿ. ಅಲ್ಲಿಂದ 24ನೇ ಬೀದಿ ಹಿಡಿದು ಪೂರ್ವಕ್ಕೆ ನಡೆದರೆ ಯಾರ್ಕ್ ಸ್ಟ್ರೀಟ್ ಮೂಲೆ ಸಿಗುತ್ತದೆ.